ಬೂದಿ ಬೀಳುವುದಿಲ್ಲ ಎಂದೆ

ನಮ್ಮ ಮನೆಯಲ್ಲಿ ಊಟದ ತಟ್ಟೆಗಳನ್ನು ಬೋರಲು ಹಾಕಿ ಇಡುತ್ತಿದ್ದರು. ಅಮ್ಮ ಅನ್ನದ ಪಾತ್ರೆ ಹಿಡಿದು ಎದುರಿಗೆ ಬಂದು ನಿಂತ ಮೇಲೆಯೇ ನಾವು ತಟ್ಟೆಯನ್ನು ಮಗುಚಬೇಕು. ಬಡಿಸಿದ ಕೂಡಲೇ ಎಡಗೈಯನ್ನು ತಟ್ಟೆಯ ಮೇಲೆ ಸೂರಿನಂತೆ ಅಡ್ಡ ಹಿಡಿದು ಬೇಗ ಬೇಗ ಉಣ್ಣಬೇಕು. ಕುಡಿಯುವ ನೀರಿನ ಹಂಡೆಗೆ ಎರಡು ಪದರ ಬಟ್ಟೆ, ಅದರ ಮೇಲೆ ಮುಚ್ಚಳ. ಹಾಸಿಗೆಯನ್ನು ಮಲಗುವ ಹೊತ್ತಿಗೆ ಬಿಚ್ಚಿ, ಎದ್ದ ಕೂಡಲೇ ಸುತ್ತಿಡಬೇಕು. ನನ್ನ ಸ್ಕೂಲಿನ ಬಿಳಿ ಷರಟನ್ನು ಒಗೆದು ಒಲೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಒಣಗಿಸುತ್ತಿದ್ದರು. ಅದಕ್ಕೆ ಯಾವಾಗಲೂ ಒಂದು ಮುಗ್ಗಲು ವಾಸನೆ. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಒಮ್ಮೆ ಭದ್ರಾವತಿಯ ಗೆಳತಿಯೊಬ್ಬಳ ಮನೆಯಲ್ಲಿ ಊಟಕ್ಕೆ ಕೂತಾಗ ಎದುರಿಗಿಟ್ಟ ಖಾಲಿ ತಟ್ಟೆಯನ್ನು ನಾನು ಬೋರಲು ಹಾಕಿದೆ. ಅವಳ ಮನೆಯವರೆಲ್ಲ ನಕ್ಕರು. ಊಟ ಬೇಡವೇನೋ ಎಂದುಕೊಂಡು ಅವಳ ಅಮ್ಮ ನನ್ನನ್ನು ಸಮಾಧಾನ ಮಾಡತೊಡಗಿದರು.

ನಮ್ಮದು ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ, ನಾಲೆಯ ಪಕ್ಕದ ಊರು. ರಸ್ತೆಗೆ ಮುಖ ಮಾಡಿ ಮನೆ, ಮನೆಯ ಬೆನ್ನಿಗೆ ಅಪ್ಪಾಜಿಯ ಅಕ್ಕಿ ಮಿಲ್ಲು. ಕುಸುಬಲಕ್ಕಿ ಮಾಡುವ ಮಿಲ್ಲು. ಭತ್ತವನ್ನು ಆವಿಯಲ್ಲಿ ಬೇಯಿಸಲು ದೊಡ್ಡ ಬಾಯ್ಲರ್ ಇತ್ತು. ಅದಕ್ಕೆ ಉರುವಲು ಭತ್ತದ ಹೊಟ್ಟೇ. ಹೊಟ್ಟು ಉರಿದು ಹಗುರವಾದ ಕರಿಬೂದಿಯಾಗಿ, ಅಷ್ಟೇನೂ ಎತ್ತರವಿಲ್ಲದ ಚಿಮಣಿಯಿಂದ ಹಾರಿ, ಮೊದಲು ನಮ್ಮ ಮನೆಯ ಮೇಲೆ, ಆಮೇಲೆ ಮಿಲ್ಲಿನ ಆಳುಗಳಿದ್ದ ಹಿಂದಿನ ಕೇರಿಯ ಮೇಲೆ, ಗಾಳಿ ತಿರುಗಿದರೆ ಇಡೀ ಊರಿನ ಮೇಲೆ ಇಳಿಯುತ್ತಿತ್ತು. ನಾಲೆ ನೀರಿನಿಂದ ಎರಡು ಬೆಳೆ ಬರುತ್ತಿದ್ದುದರಿಂದ ವರ್ಷದಲ್ಲಿ ಬಾಯ್ಲರ್ ಆರಿದ ದಿನಗಳು ಕಡಿಮೆ. ಆದರೆ ಮನೆಯಲ್ಲಿ ಬೂದಿ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಧೂಳು ಎನ್ನುತ್ತಿದ್ದೆವು. ‘ಧೂಳು ಬಿತ್ತು, ಒರೆಸು’, ‘ಧೂಳು ಜಾಸ್ತಿ, ಕಿಟಕಿ ಹಾಕು.’ ಅಜ್ಜಿ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆಗೆ ಕೂರುವಾಗ ಮಣೆಯನ್ನು ಮೂರು ಸಲ ಒರೆಸುತ್ತಿದ್ದಳು. ನಾಲ್ಕನೆಯ ಸಲವೂ ಬೆರಳಿಗೆ ಕಪ್ಪು ಹತ್ತಿದರೆ ಕಣ್ಣು ಮುಚ್ಚಿಬಿಡುತ್ತಿದ್ದಳು. ನಾನೇನಾದರೂ ಮೂಗು ಮುರಿದರೆ ಗದರುತ್ತಿದ್ದಳು:

“ಅನ್ನ ಕೊಡೋ ಹೊಗೆ ಅದು. ಹಾಗೆಲ್ಲ ಮುಖ ಸಿಂಡರಿಸಬಾರದು ಕಣೇ.”

ಈ ಮನೆಗೆ ಮಂಗಳಾ ಚಿಕ್ಕಮ್ಮ ಮದುವೆಯಾಗಿ ಬಂದಾಗ ನನಗೆ ಒಂಬತ್ತು ವರ್ಷ. ಅವರು ಅಪ್ಪಾಜಿಯ ತಮ್ಮನ ಹೆಂಡತಿ. ತವರು ಭದ್ರಾವತಿಯ ಜನ್ನಾಪುರ. ಅವರ ತಂದೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಕ್ಕಪಕ್ಕದ ತಮಿಳರ ಮನೆಗಳಿಂದ ಕಲಿತ ತಮಿಳು ಚಿಕ್ಕಮ್ಮನಿಗೆ ನೀರು ಕುಡಿದಷ್ಟು ಸಲೀಸು. ಪಾತ್ರೆ ಮಾರಲು ಬರುತ್ತಿದ್ದವನ ಜೊತೆ ತಮಿಳಿನಲ್ಲಿ ಚೌಕಾಶಿ ಮಾಡಿದರೆ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಬಂದ ಮೊದಲ ವಾರವೇ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಮಜ್ಜಿಗೆಯ ಪಾತ್ರೆಯೊಳಗೆ ಬಗ್ಗಿ ನೋಡಿ ಅವರು ಸಹಜವಾಗಿ ಕೇಳಿದರು:

“ಇದೇನಕ್ಕ, ಇಷ್ಟೊಂದು ಬೂದಿ?”

ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಅಮ್ಮ ಅಪ್ಪಾಜಿಯ ಕಡೆ ನೋಡದೆ ಹೇಳಿದಳು:

“ಧೂಳು ಮಂಗಳಾ. ರೋಡಿನ ಧೂಳು.”

ಮನೆಯ ನಡುಕೋಣೆ ಚಿಕ್ಕಪ್ಪ ಚಿಕ್ಕಮ್ಮನದು. ಅದರ ಒಂದೇ ಕಿಟಕಿ ಮಿಲ್ಲಿನ ಅಂಗಳಕ್ಕೆ ತೆರೆಯುತ್ತಿತ್ತು. ಭತ್ತ ಬೇಯಿಸುವ ದಿನಗಳಲ್ಲಿ ಚಿಕ್ಕಪ್ಪ ಮಿಲ್ಲಿನಲ್ಲೇ ಉಳಿಯುತ್ತಿದ್ದುದರಿಂದ ಚಿಕ್ಕಮ್ಮನ ಜೊತೆಗೆ ನನ್ನನ್ನು ಮಲಗಲು ಕಳಿಸುತ್ತಿದ್ದರು. ನನಗೆ ಅದು ಹಬ್ಬ. ಅವರು ನನ್ನ ಕೂದಲನ್ನು ನೋಯದ ಹಾಗೆ ಬಾಚುತ್ತಿದ್ದರು, ತಮಿಳಿನಲ್ಲಿ ಒಂದರಿಂದ ನೂರು ಹೇಳಿಕೊಡುತ್ತಿದ್ದರು. ಎರಡನೆಯ ವರ್ಷದ ಹೊತ್ತಿಗೆ ಅವರಲ್ಲಿ ಏನೋ ಬದಲಾಗಿತ್ತು. ಮೈದಾ ಅಂಟು ಮಾಡಿಕೊಂಡು ಕಿಟಕಿಯ ಸಂದುಗಳಿಗೆಲ್ಲ ಹಳೆಯ ಪೇಪರ್ ಅಂಟಿಸಿದರು. ಬಾಗಿಲ ಕೆಳಗೆ ಒದ್ದೆ ಬಟ್ಟೆ ತುರುಕಿದರು. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು. ಉಸಿರು ಸಾಲದು ಎಂಬಂತೆ ಮಾತಿನ ನಡುವೆ ನಿಲ್ಲುತ್ತಿದ್ದರು. ನನಗೆ ಎಚ್ಚರವಾದಾಗೆಲ್ಲ ಅವರು ಗೋಡೆಗೆ ಒರಗಿ ಕೂತಿರುತ್ತಿದ್ದರು. ‘ಎದೆ ಡಬಡಬ ಅಂತಿದೆ, ಕೈ ಇಟ್ಟು ನೋಡು’ ಎನ್ನುತ್ತಿದ್ದರು. ನಾನು ಕೈ ಇಡುತ್ತಿದ್ದೆ. ಓಡಿ ಬಂದವರ ಎದೆಯ ಹಾಗೆ ಅದು ಹೊಡೆದುಕೊಳ್ಳುತ್ತಿತ್ತು. ಬೆಳಕು ಹರಿದ ಮೇಲೆ ಅವರು ದಿಂಬನ್ನು ಅಂಗೈಯಿಂದ ಸವರಿ, ಆ ಅಂಗೈಯನ್ನು ನನ್ನ ಮುಖದ ಹತ್ತಿರ ಹಿಡಿಯುತ್ತಿದ್ದರು.

“ನೋಡು ವಿಶಾಲಿ, ಇದು ನಿಂಗೂ ಕಾಣ್ತಿದೆ ಅಲ್ವಾ?”

“ಹ್ಞೂಂ ಚಿಕ್ಕಮ್ಮ.”

“ಬೂದಿನೇ ಅಲ್ವಾ?”

“ಹ್ಞೂಂ.”

ಇಷ್ಟು ಕೇಳಿದರೆ ಅವರ ಮುಖ ಸಡಿಲವಾಗುತ್ತಿತ್ತು. ಎದ್ದು ಹೋಗಿ ಅಂಗಳಕ್ಕೆ ನೀರು ಹಾಕುತ್ತಿದ್ದರು. ದಿನಾ ಬೆಳಿಗ್ಗೆ ಇದು ನಮ್ಮಿಬ್ಬರ ನಡುವಿನ ಮಾತು. ಮನೆಯಲ್ಲಿ ಬೇರೆ ಯಾರ ಹತ್ತಿರವೂ ಅವರು ಹೀಗೆ ಕೇಳುತ್ತಿರಲಿಲ್ಲ.

ಪಾತ್ರೆ ತೊಳೆಯಲು ಬರುತ್ತಿದ್ದ ಹಾಲಮ್ಮ ಹಿಂದಿನ ಕೇರಿಯವಳು. ಅವಳ ಗಂಡ ಬಾಯ್ಲರಿಗೆ ಹೊಟ್ಟು ಹಾಕುವ ಕೆಲಸದಲ್ಲಿದ್ದ. ಹಿತ್ತಲಿನಲ್ಲಿ ಪಾತ್ರೆ ಉಜ್ಜುತ್ತಾ ಅವಳು ಚಿಕ್ಕಮ್ಮನ ಹತ್ತಿರ ಮಾತ್ರ ಮನಸ್ಸು ಬಿಚ್ಚುತ್ತಿದ್ದಳು. ನಾನು ಬಟ್ಟಲುಗಳನ್ನು ಎತ್ತಿಕೊಡುವ ನೆಪದಲ್ಲಿ ಅಲ್ಲೇ ಇರುತ್ತಿದ್ದೆ.

“ನಮ್ ಕೇರೀಲಿ ಯಾರ್ಗೂ ಸರಿಯಾಗಿ ನಿದ್ದೆ ಇಲ್ಲ ಕಣ್ರಮ್ಮ. ಗಂಡಸ್ರಿಗೆ ಮೂಗಿನ ತುದೀಲೇ ಸಿಟ್ಟು. ನಮ್ ವಾರಗಿತ್ತಿ ನೋಡಿ, ಬೆಳಿಗ್ಗೆ ಎದ್ದು ಹೊಸ್ಲ ಮೇಲೆ ಕೂತ್ರೆ ಕೂತ್ಲು. ಮಾತಿಲ್ಲ, ಕತೆಯಿಲ್ಲ. ಮಕ್ಳು ಕೆಮ್ಮೋದು ಕೇಳಿ ಕೇಳಿ ಕಿವಿ ಸತ್ತೋಗಿದೆ ಅಂತಾಳೆ.”

“ಇದನ್ನ ನಮ್ಮ ಭಾವನ ಮುಂದೆ ಬಂದು ಹೇಳ್ತೀಯ ಹಾಲಮ್ಮ?”

“ಹೇಳಿದ್ರೆ ಇವ್ನ ಕೆಲ್ಸ ಹೋಗುತ್ತೆ. ನೀವೂ ಹೇಳ್ಬೇಡಿ, ನಾ ಅಂದೆ ಅಂತ.”

ಚಿಕ್ಕಮ್ಮ ಹಾಲಮ್ಮನ ಹೆಸರು ಹೇಳಲಿಲ್ಲ. ಬದಲಿಗೆ ತಾವೇ ಒಂದು ಸೋಮವಾರ ಮಧ್ಯಾಹ್ನ ನಡುಮನೆಗೆ ಬಂದರು. ಮಂಗಳೂರು ಕಡೆಯಿಂದ ಅಕ್ಕಿ ಕೊಳ್ಳಲು ಬಂದಿದ್ದ ವ್ಯಾಪಾರಿಯೊಬ್ಬರಿಗೆ ಅವತ್ತು ಊಟ. ಹೋಳಿಗೆ, ಎಣ್ಣೆಗಾಯಿ, ಅಕ್ಕಿ ರೊಟ್ಟಿ; ಅತಿಥಿಗೆಂದು ಬಾಳೆ ಎಲೆ ಹಾಕಿದ್ದರು, ಎಲೆಗೆ ಇನ್ನೊಂದು ಎಲೆ ಮುಚ್ಚಿದ್ದರು. ಮುಚ್ಚಿದ ಎಲೆ ತೆಗೆದು ಅಪ್ಪಾಜಿ ‘ಶುರು ಮಾಡೋಣ’ ಎನ್ನುವಾಗ ಚಿಕ್ಕಮ್ಮ ಒಂದು ಬಿಳಿ ಹೊದಿಕೆ ಹಿಡಿದು ಬಂದರು. ಬೆಳಿಗ್ಗೆ ಒಗೆದು ಹಿತ್ತಲಲ್ಲಿ ಹರವಿದ್ದ ಹೊದಿಕೆ. ಅದನ್ನು ವ್ಯಾಪಾರಿಯ ಎಲೆಯ ಮುಂದೆ ನೆಲದ ಮೇಲೆ ಹಾಸಿದರು. ಅದರ ತುಂಬ ಕಪ್ಪು ಚುಕ್ಕೆ, ಕೈ ತಾಗಿದಲ್ಲೆಲ್ಲ ಉದ್ದನೆಯ ಕಪ್ಪು ಗೆರೆ.

“ಇದನ್ನೊಂದ್ಸಲ ನೋಡಿ, ಆಮೇಲೆ ಊಟ ಮಾಡಿ ಅಣ್ಣಾರೇ. ನಾವು ದಿನಾ ಇದನ್ನೇ ತಿಂತೀವಿ, ಇದನ್ನೇ ಉಸಿರಾಡ್ತೀವಿ.”

ದನಿ ಏರಿರಲಿಲ್ಲ. ವ್ಯಾಪಾರಿ ಅಪ್ಪಾಜಿಯ ಮುಖ ನೋಡಿದರು. ಅಪ್ಪಾಜಿ ನಕ್ಕರು.

“ನಮ್ಮ ತಮ್ಮನ ಹೆಂಡತಿ. ಸ್ವಲ್ಪ ಹುಷಾರಿಲ್ಲ. ನೀವು ಊಟ ಮಾಡಿ.”

ಅಮ್ಮ ಹೊದಿಕೆಯನ್ನು ಸುತ್ತಿ ಎತ್ತಿಕೊಂಡು, ಚಿಕ್ಕಮ್ಮನ ರಟ್ಟೆ ಹಿಡಿದು ಒಳಗೆ ಕರೆದೊಯ್ದಳು. ‘ಹುಷಾರಿಲ್ಲ’ ಎಂಬ ಮಾತು ನಮ್ಮ ಮನೆಯೊಳಗೆ ಹುಟ್ಟಿದ್ದು ಆ ಹೊತ್ತಿನಲ್ಲಿ. ವಾರ ಕಳೆಯುವುದರಲ್ಲಿ ಅದು ಊರಿನಲ್ಲಿ ‘ತಲೆ ಸರಿಯಿಲ್ಲ’ ಎಂದಾಗಿತ್ತು. ಸ್ಕೂಲಿನಲ್ಲಿ ಒಬ್ಬಳು ನನ್ನನ್ನು ‘ನಿಮ್ಮ ಚಿಕ್ಕಮ್ಮಂಗೆ ಹುಚ್ಚಂತೆ ಹೌದಾ’ ಎಂದು ಕೇಳಿದಳು. ಆವರೆಗೆ ನಾನು ಅಲ್ಲಿ ಮಿಲ್ಲಿನ ಸಾಹುಕಾರರ ಮಗಳು. ಆ ಪ್ರಶ್ನೆ ಕೇಳಿದ್ದಕ್ಕೆ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಚಿಕ್ಕಮ್ಮನ ಮೇಲೆ ಬಂತು. ಅಂದಿನಿಂದ ಬೆಳಿಗ್ಗೆ ಅವರು ಅಂಗೈ ಚಾಚಿದಾಗ ನಾನು ಬೇಗ ‘ಹ್ಞೂಂ’ ಎಂದು ಎದ್ದು ಹೋಗುತ್ತಿದ್ದೆ.

ಅಜ್ಜಿ ಮೊದಲು ತಾಯಿತ ಕಟ್ಟಿಸಿದಳು. ಅದರಿಂದ ಏನೂ ಆಗದೆ, ಶಿವಮೊಗ್ಗದ ಮನೋವೈದ್ಯರೊಬ್ಬರಿಗೆ ತೋರಿಸುವುದೆಂದಾಯಿತು. ಅಪ್ಪಾಜಿ, ಚಿಕ್ಕಪ್ಪ, ಚಿಕ್ಕಮ್ಮ ಹೊರಟರು. ಜೊತೆಗೊಂದು ಹೆಣ್ಣುಮಗು ಇರಲಿ ಎಂದು ನನ್ನನ್ನೂ ವ್ಯಾನಿನಲ್ಲಿ ಕೂರಿಸಿಕೊಂಡರು. ಡಾಕ್ಟರ ಕೆಲಸ ಮುಗಿದ ಮೇಲೆ ತ್ಯಾವರೆಕೊಪ್ಪದ ಸಿಂಹಧಾಮದಲ್ಲಿ ಸಿಂಹ ತೋರಿಸುತ್ತೇನೆ ಎಂದು ಅಪ್ಪಾಜಿ ಹೇಳಿದ್ದರು. ದಾರಿಯುದ್ದಕ್ಕೂ ಚಿಕ್ಕಮ್ಮ ಕಿಟಕಿಯ ಗಾಜು ಇಳಿಸಿ ಗಾಳಿಗೆ ಮುಖ ಒಡ್ಡಿ ಕೂತಿದ್ದರು. ಶಿವಮೊಗ್ಗ ಹತ್ತಿರವಾದಂತೆ ಅವರ ಮುಖದಲ್ಲಿ ಎಷ್ಟೋ ದಿನದಿಂದ ಇಲ್ಲದ ಗೆಲುವಿತ್ತು. ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು:

“ಡಾಕ್ಟ್ರು ಓದಿದೋರು ಕಣೇ. ಅವ್ರಿಗೆ ಹೇಳಿದ್ರೆ ಅರ್ಥ ಆಗುತ್ತೆ.”

ಡಾಕ್ಟರು ನಿಜವಾಗಿಯೂ ಕೇಳುವ ಮನುಷ್ಯರು. ಚಿಕ್ಕಮ್ಮ ಹೇಳಿದ್ದನ್ನೆಲ್ಲ ಅವಸರ ಮಾಡದೆ ಕೇಳಿದರು: ನಿದ್ದೆ ಬಾರದ್ದು, ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ಯಾರೊಂದಿಗೂ ಮಾತು ಬೇಡವೆನಿಸುವುದು, ದಿಂಬಿನ ಮೇಲಿನ ಬೂದಿ. ಆಮೇಲೆ ಅಪ್ಪಾಜಿಯನ್ನು ಕೇಳಿದರು. ಅಪ್ಪಾಜಿ, ‘ಮಿಲ್ಲು ಅಂದ್ಮೇಲೆ ಚೂರುಪಾರು ಧೂಳು ಇರುತ್ತೆ ಸರ್. ಇವ್ಳು ಇಲ್ಲದ್ದನ್ನ ಕಾಣ್ತಾಳೆ’ ಎಂದರು. ಚಿಕ್ಕಪ್ಪ ತಲೆ ತಗ್ಗಿಸಿ ಕೂತಿದ್ದರು. ಆಗ ಡಾಕ್ಟರು ನನ್ನ ಕಡೆ ತಿರುಗಿದರು.

“ಪುಟ್ಟಿ, ನೀನು ಚಿಕ್ಕಮ್ಮನ ಜೊತೆ ಮಲಗ್ತೀಯಂತೆ. ನೀನೇ ಹೇಳು. ಹಾಸಿಗೆ ಮೇಲೆಲ್ಲ ಬೂದಿ ಬೀಳುತ್ತಾ?”

ಈ ಮಾತಿಗೆ ಏನು ಹೇಳಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಬರೆಯಲೇಬೇಕು. ಅಪ್ಪಾಜಿ ನನ್ನನ್ನು ಹೆದರಿಸಿರಲಿಲ್ಲ, ಕಣ್ಣು ಬಿಟ್ಟಿರಲಿಲ್ಲ. ಅವರು ಗೋಡೆಯ ಕಡೆ ನೋಡುತ್ತಿದ್ದರು. ಚಿಕ್ಕಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದರು, ಸಣ್ಣಗೆ ನಗುತ್ತಾ, ನನ್ನ ಬಾಯಿಂದ ಬರುವ ಉತ್ತರ ತಮಗೆ ಗೊತ್ತೇ ಇದೆ ಎಂಬ ಹಾಗೆ.

“ಇಲ್ಲ” ಎಂದೆ.

“ಸ್ವಲ್ಪಾನೂ ಇಲ್ವಾ?”

“ಇಲ್ಲ. ಚಿಕ್ಕಮ್ಮ ಸುಮ್ನೆ ಹೇಳ್ತಾರೆ.”

ಅವರ ನಗು ಒಮ್ಮೆಗೇ ಹೋಗಲಿಲ್ಲ. ತುಟಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. ಆಮೇಲೆ ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡು, ಸೆರಗಿನೊಳಗೆ ಮುಚ್ಚಿಕೊಂಡರು. ಡಾಕ್ಟರು ಮಾತ್ರೆ ಬರೆದರು. ನಾವು ತ್ಯಾವರೆಕೊಪ್ಪಕ್ಕೂ ಹೋದೆವು. ಚಿಕ್ಕಮ್ಮ ಚಿಕ್ಕಪ್ಪ ಗೇಟಿನ ಹೊರಗೆ ವ್ಯಾನಿನಲ್ಲೇ ಉಳಿದರು. ನಾನು, ಅಪ್ಪಾಜಿ ಜಾಲರಿ ಹಾಕಿದ ಬಸ್ಸಿನಲ್ಲಿ ಕಾಡೊಳಗೆ ಹೋದೆವು. ಮರದ ನೆರಳಿನಲ್ಲಿ ಒಂದು ಸಿಂಹ ಮಲಗಿತ್ತು. ಅದು ಎದ್ದು ಬಸ್ಸಿನ ಪಕ್ಕದಲ್ಲೇ ಹಾದುಹೋದಾಗ ನಾನು ಅಪ್ಪಾಜಿಯ ತೋಳು ಹಿಡಿದು ಕುಣಿದೆ. ಆ ಮಧ್ಯಾಹ್ನ ನಾನು ಬಹಳ ಸಂತೋಷವಾಗಿದ್ದೆ. ಬೇರೆ ಯಾವುದನ್ನಾದರೂ ಮಗುವಿನ ತಿಳಿಗೇಡಿತನ ಎಂದು ಬಿಟ್ಟುಬಿಡಬಹುದೇನೋ, ಆ ಸಂತೋಷವನ್ನು ಮಾತ್ರ ನೆನೆದರೆ ಇವತ್ತಿಗೂ ನನಗೆ ಸಹಿಸಲಾಗುವುದಿಲ್ಲ.

ಮಾತ್ರೆ ಶುರುವಾದ ಮೇಲೆ ಚಿಕ್ಕಮ್ಮ ಲೋಟ ತೊಳೆಯುವುದನ್ನು ನಿಲ್ಲಿಸಿದರು. ಹಗಲೂ ಮಲಗುತ್ತಿದ್ದರು. ಕಿಟಕಿಗೆ ಅಂಟಿಸಿದ್ದ ಪೇಪರು ಹರಿದು ನೇತಾಡಿದರೂ ಅವರ ಗಮನವಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ಏನು ಬಿದ್ದಿದೆಯೋ ಅದರ ಸಮೇತ ಉಣ್ಣುತ್ತಿದ್ದರು. ಅಜ್ಜಿ ‘ಎಷ್ಟು ಸಮಾಧಾನ ಆಯ್ತು ನೋಡು ಹುಡುಗಿಗೆ’ ಎಂದಳು. ಮನೆಗೆ ನಿಜವಾಗಿಯೂ ಸಮಾಧಾನವಾಗಿತ್ತು. ಬೆಳಿಗ್ಗೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಒಂದು ದಿನ ನಾನೇ ದಿಂಬು ಸವರಿ, ಕಪ್ಪಾದ ಅಂಗೈಯನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ನೋಡಿ, ‘ಕೈ ತೊಳ್ಕೊ ಹೋಗಮ್ಮ’ ಎಂದು ಮಗ್ಗುಲಾದರು. ಕೆಲವು ತಿಂಗಳಲ್ಲಿ ಅವರ ಅಣ್ಣ ಪಂಚಣ್ಣ ಮಾವ ಬಂದು, ಸ್ವಲ್ಪ ದಿನ ಇದ್ದು ಬರಲಿ ಎಂದು ಜನ್ನಾಪುರಕ್ಕೆ ಕರೆದುಕೊಂಡು ಹೋದರು. ಅಪ್ಪಾಜಿ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿಕೊಂಡು ಬಹಳ ಹೊತ್ತು ಏನೋ ಹೇಳುತ್ತಿದ್ದರು. ಚಿಕ್ಕಮ್ಮ ತಿರುಗಿ ಬರಲಿಲ್ಲ. ಚಿಕ್ಕಪ್ಪ ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದರು, ಆಮೇಲೆ ಹಬ್ಬಕ್ಕೆ, ಆಮೇಲೆ ಅದೂ ನಿಂತಿತು.

ಮುಂದಿನದೆಲ್ಲ ಮಾಮೂಲು. ನಾನು ಓದಿ ಟೀಚರಾದೆ, ಮದುವೆಯಾಗಿ ಶಿವಮೊಗ್ಗದ ಗೋಪಾಳಕ್ಕೆ ಬಂದೆ. ಹಿಂದಿನ ಕೇರಿಯವರು ಕೊನೆಗೊಮ್ಮೆ ಒಟ್ಟಾಗಿ ದೂರು ಕೊಟ್ಟರು. ಅಧಿಕಾರಿಗಳು ಬಂದ ದಿನ ಬಾಯ್ಲರ್ ಆರಿತ್ತು. ಮುಂದೆ ಚಿಕ್ಕಪ್ಪ ತೀರಿಕೊಂಡರು, ಮಿಲ್ಲು ಬೇರೆಯವರ ಕೈ ಸೇರಿತು. ಅಮ್ಮ ಹೋದ ಮೇಲೆ ಅಪ್ಪಾಜಿ ನನ್ನ ಮನೆಗೆ ಬಂದರು. ಮೊನ್ನೆ ಮೊನ್ನೆ ಅವರಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಹತ್ತತೊಡಗಿತು. ಆಸ್ಪತ್ರೆಗೆ ಕರೆದೊಯ್ದೆ. ಶ್ವಾಸಕೋಶದ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎದೆಯ ಫೋಟೋ ನೋಡಿ ಕೇಳಿದಳು:

“ಅಜ್ಜಾರೇ, ಬೀಡಿ ಸಿಗರೇಟು ಸೇದ್ತಿದ್ರಾ?”

“ಇಲ್ಲಮ್ಮ. ಬೂದಿ. ನಮ್ದು ಮಿಲ್ಲಿತ್ತು. ಮನೆ ತುಂಬ ಬೂದಿ ಬೀಳ್ತಿತ್ತು, ಹಾಸಿಗೆ ಮೇಲೆ, ಅನ್ನದ ಮೇಲೆ. ನಲವತ್ತು ವರ್ಷ ಅದನ್ನೇ ಉಸಿರಾಡಿದೀನಿ.”

ಎಷ್ಟು ಸಲೀಸಾಗಿ ಬಂತು ಆ ಮಾತು. ನಾನು ಅವರ ಹಿಂದೆ, ಫೈಲು ಹಿಡಿದು ನಿಂತಿದ್ದೆ. ಚಿಕ್ಕಮ್ಮನಿಗೆ ಕಾಯಿಲೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ನಿದ್ದೆ ಕೆಟ್ಟು, ಉಸಿರು ಕೆಟ್ಟು, ಅವರ ಮನಸ್ಸು ನಿಜವಾಗಿಯೂ ಬಳಲಿತ್ತು. ಆದರೆ ಅದಕ್ಕೊಂದು ಕಾರಣವಿತ್ತು. ನಾವು ಕಾರಣವನ್ನು ಮನೆಯಲ್ಲೇ ಬಚ್ಚಿಟ್ಟು, ಅವರನ್ನು ಮಾತ್ರ ಡಾಕ್ಟರ ಮುಂದೆ ಕೂರಿಸಿದ್ದೆವು.

ಆ ಭಾನುವಾರವೇ ನಾನು ಜನ್ನಾಪುರಕ್ಕೆ ಹೋದೆ. ಮದುವೆ ಮುಂಜಿಗಳಲ್ಲಿ ದೂರದಿಂದ ಕಂಡಿದ್ದು ಬಿಟ್ಟರೆ ಅವರ ಮನೆಯೊಳಗೆ ನಾನು ಕಾಲಿಟ್ಟಿರಲಿಲ್ಲ. ಚಿಕ್ಕಮ್ಮ ಮುಂದಿನ ಕೋಣೆಯಲ್ಲಿ ಕೂತು ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ‘ಬಾರೇ ವಿಶಾಲಿ’ ಎಂದರು, ನಿನ್ನೆ ಮೊನ್ನೆ ನೋಡಿದವಳನ್ನು ಕರೆದ ಹಾಗೆ. ಕಾಫಿ ಕೊಟ್ಟರು. ನಾನು ಲೋಟ ಕೆಳಗಿಟ್ಟು, ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಮರೆತುಹೋಗಿ, ಅಳುತ್ತಲೇ ಹೇಳಿದೆ. ಅವತ್ತು ಸುಳ್ಳು ಹೇಳಿದೆ, ಬೂದಿ ಬೀಳುತ್ತಿತ್ತು, ನನಗೆ ಗೊತ್ತಿತ್ತು. ಅವರು ಸೂಜಿಯನ್ನು ಸೀರೆಯ ಅಂಚಿಗೆ ಚುಚ್ಚಿಟ್ಟರು.

“ನಂಗೆ ನಿನ್ನ ಮೇಲೆ ಸಿಟ್ಟು ಬರ್ಲಿಲ್ಲ ಕಣೇ. ಮಗು ಯಾಕೆ ಸುಳ್ಳು ಹೇಳುತ್ತೆ ಅಂದ್ಕೊಂಡೆ. ದಿನಾ ಬೆಳಿಗ್ಗೆ ಹ್ಞೂಂ ಅಂತಿದ್ದೆಯಲ್ಲ, ಅದು ನನ್ನ ಸಮಾಧಾನಕ್ಕೆ ಅಂದಿದ್ದು, ಡಾಕ್ಟ್ರ ಮುಂದೆ ಹೇಳಿದ್ದೇ ನಿಜ ಅಂದ್ಕೊಂಡೆ. ನನ್ನ ಕಣ್ಣೇ ಸರಿಯಿಲ್ಲ ಅಂತ ಅವತ್ತು ನಂಗೆ ಖಾತ್ರಿಯಾಯ್ತು. ಅದಕ್ಕೇ ಮಾತ್ರೆ ನುಂಗ್ದೆ. ಇಲ್ದಿದ್ರೆ ನುಂಗ್ತಿರ್ಲಿಲ್ಲ.”

ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟು ಅವರೇ ಮುಂದುವರಿಸಿದರು.

“ಇಲ್ಲಿಗೆ ಬಂದು ವರ್ಷದೊಳಗೆ ನಿದ್ದೆ ಬಂತು, ಉಸಿರೂ ಸರಿಯಾಯ್ತು. ಆದ್ರೂ ಏನಾದ್ರೂ ಕಣ್ಣಿಗೆ ಬಿದ್ರೆ, ಇದು ನಿಜಾನಾ ಅಂತ ಪಕ್ಕದಲ್ಲಿರೋರ ಮುಖ ನೋಡ್ತೀನಿ. ಅದೊಂದು ಹೋಗ್ಲಿಲ್ಲ ನೋಡು. ಇರ್ಲಿ. ನಂಗೆ ಹೇಳಿದ್ದು ಸಾಕು, ನಮ್ಮಣ್ಣಂಗೆ ಹೇಳು.”

ಪಂಚಣ್ಣ ಮಾವ ಸಂತೆಯಿಂದ ತರಕಾರಿ ಚೀಲ ಹಿಡಿದು ಬಂದರು. ಅವರಿಗೆ ಎಂಬತ್ತರ ಹತ್ತಿರ. ನಾನು ಎದ್ದು ನಿಂತು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರು ಚೀಲ ಕೆಳಗಿಡದೆ ಕೇಳಿಸಿಕೊಂಡರು. ಆಮೇಲೆ ತಂಗಿಯ ಕಡೆ ನೋಡದೆ, ನನ್ನ ಕಡೆಯೂ ನೋಡದೆ ಹೇಳಿದರು:

“ನಿಮ್ಮಪ್ಪ ಅವತ್ತು ಬಾಗಿಲಲ್ಲಿ ನನಗೆ ಹೇಳಿದ್ದ. ಹುಷಾರು ಮಾರಾಯ, ರಾತ್ರಿ ಎದ್ದು ಹೊರಗೆ ಹೋಗಿಬಿಡ್ತಾಳೆ ಅಂತ. ಒಂದು ವರ್ಷ ನಾವು ಇವಳ ರೂಮಿಗೆ ಹೊರಗಿನಿಂದ ಚಿಲಕ ಹಾಕ್ತಿದ್ವಿ ಕಣಮ್ಮ. ದಿನಾ ನಾನೇ ಹಾಕ್ತಿದ್ದೆ.”

ಚಿಕ್ಕಮ್ಮ ಅವರ ಕೈಯಿಂದ ಚೀಲ ತೆಗೆದುಕೊಂಡು, ‘ಬಿಸಿಲಲ್ಲಿ ಬಂದಿದೀಯ, ಮೊದ್ಲು ಕೂತ್ಕೊ’ ಎಂದರು.

ಸಂಜೆ ಗೋಪಾಳಕ್ಕೆ ಮರಳಿದಾಗ ಅಪ್ಪಾಜಿ ನಡುಮನೆಯಲ್ಲಿ ಕೂತು ಔಷಧಿಯ ಆವಿ ಎಳೆದುಕೊಳ್ಳುತ್ತಿದ್ದರು. ಮೂಗು ಬಾಯಿಗೆ ಮಾಸ್ಕು. ಎಲ್ಲಿಗೆ ಹೋಗಿದ್ದೆ ಎಂದು ಕೈಸನ್ನೆಯಲ್ಲೇ ಕೇಳಿದರು.

“ಜನ್ನಾಪುರಕ್ಕೆ. ಚಿಕ್ಕಮ್ಮನ್ನ ನೋಡೋಕೆ.”

ಅವರು ಮಾಸ್ಕನ್ನು ಗಲ್ಲಕ್ಕೆ ಇಳಿಸಿದರು.

“ಹೇಗಿದಾಳೆ?”

“ಚೆನ್ನಾಗಿದಾರೆ. ಅವ್ರು ಹೇಳ್ತಿದ್ದಿದ್ದೆಲ್ಲ ನಿಜ ಆಗಿತ್ತು ಅಪ್ಪಾಜಿ.”

ಅವರು ಏನನ್ನೋ ಹೇಳಲು ಹೊರಟು ಕೆಮ್ಮಿದರು. ಕೆಮ್ಮು ನಿಂತ ಮೇಲೆ, ಬಹಳ ಮೆಲ್ಲಗೆ ಅಂದರು:

“ಗೊತ್ತಿತ್ತು.”

“ನಂಗೂ ಗೊತ್ತಿತ್ತು” ಎಂದೆ.

ಅವರು ಮಾಸ್ಕನ್ನು ಮತ್ತೆ ಮೂಗಿಗೆ ಏರಿಸಿಕೊಂಡರು. ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ಮಾಸ್ಕಿನಲ್ಲಿ ಔಷಧಿ ಮುಗಿಯುವವರೆಗೂ ಮುಖ ಮುಖ ನೋಡಿಕೊಳ್ಳದೆ ಇಬ್ಬರೂ ಹಾಗೇ ಕೂತಿದ್ದೆವು.